ಟರ್ಕಿ ಮತ್ತು ಜವಾರಿ ಕೋಳಿಗಳ ಜಂಟಿ ಸಾಕಣೆ: ಕೊಂಕಲ್ ಸೀಮೆಯ ಹಿತ್ತಲಿನಿಂದ ಒಂದು ಮರುಪರಿಶೀಲನೆ

ಟರ್ಕಿಯನ್ನೂ ಕೋಳಿಯನ್ನೂ ಒಂದೇ ಹಿಂಡಿನಲ್ಲಿ ಸಾಕಬಾರದು ಎಂಬುದು ಕುಕ್ಕುಟಶಾಸ್ತ್ರದಲ್ಲಿ ನೂರು ವರ್ಷ ದಾಟಿದ ವಿಧಿ. ಪಠ್ಯಪುಸ್ತಕಗಳಲ್ಲಿ, ಸಾಕಣೆದಾರರಿಗಾಗಿ ಬರೆದ ಕೈಪಿಡಿಗಳಲ್ಲಿ, ತರಬೇತಿ ಶಿಬಿರಗಳಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಕಾರಣ ಕೇಳಿದರೆ ಸಿಗುವ ಉತ್ತರವೂ ಒಂದೇ: ಕೋಳಿಯಿಂದ ಟರ್ಕಿಗೆ ಬ್ಲ್ಯಾಕ್‌ಹೆಡ್ ರೋಗ ತಗಲುತ್ತದೆ. ಈ ಉತ್ತರ ಸರಿಯಾದದ್ದೇ. ಆದರೆ ಆ ಉತ್ತರದಿಂದ ಈ ವಿಧಿ ತಾನಾಗಿ ಹೊರಡುವುದಿಲ್ಲ. ನಡುವೆ ತರ್ಕದ ಒಂದು ಮೆಟ್ಟಿಲು ತಪ್ಪಿದೆ, ಮತ್ತು ಆ ತಪ್ಪಿದ ಮೆಟ್ಟಿಲಿನಿಂದ ಹೆಚ್ಚು ಪೆಟ್ಟು ತಿನ್ನುವವರು ಕೊಂಕಲ್ ಸುತ್ತಲಿನ ಯಾದಗಿರಿ, ಶಹಾಪುರ, ಸುರಪುರ ಸೀಮೆಯಂಥ ಕಡೆ ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕುವ ಮನೆಗಳವರು ಎಂಬುದು ಈ ಲೇಖನದ ವಾದ.

ಪೂರ್ವಾಧ್ಯಯನಗಳಲ್ಲಿ ವಿವಾದವಿಲ್ಲದ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ 1890ರ ದಶಕದಲ್ಲಿ ಟರ್ಕಿ ಸಾಕಣೆಯನ್ನು ನೆಲಕಚ್ಚಿಸಿದ ಈ ರೋಗವನ್ನು ಮೊದಲು ಗುರುತಿಸಿದವರು ಅಲ್ಲಿನ ಕೃಷಿ ಪ್ರಯೋಗ ಕೇಂದ್ರದ ಸ್ಯಾಮ್ಯುಯೆಲ್ ಕುಶ್‌ಮನ್. 1895ರಲ್ಲಿ ಥಿಯೊಬಾಲ್ಡ್ ಸ್ಮಿತ್ ಅದರ ಹಿಂದಿರುವ ಏಕಕೋಶಜೀವಿಯನ್ನು ವಿವರಿಸಿದರು. 1907ರಲ್ಲಿ ಕೂಪರ್ ಕರ್ಟಿಸ್ ಅದೇ ಕೇಂದ್ರದಿಂದ ಹೊರಟ ತಮ್ಮ ವರದಿಯಲ್ಲಿ, ತಾನು ಕಾಯಿಲೆ ಬೀಳದ ಕೋಳಿಯೇ ಟರ್ಕಿಗೆ ಸೋಂಕಿನ ಮೂಲ ಎಂದು ಬೊಟ್ಟುಮಾಡಿ ತೋರಿಸಿದರು. ನಡುವೆ ಕೋಲ್ ಮತ್ತು ಹ್ಯಾಡ್ಲಿ ಇದು ಕಾಕ್ಸಿಡಿಯಾ ರೋಗವೆಂದು ಹೇಳಿದ್ದು ನಿಲ್ಲಲಿಲ್ಲ. 1920ರಲ್ಲಿ ಅರ್ನೆಸ್ಟ್ ಟೈಜರ್ ಆ ಜೀವಿಗೆ ಹಿಸ್ಟೊಮೊನಾಸ್ ಮೆಲಿಯಾಗ್ರಿಡಿಸ್ ಎಂಬ ಹೆಸರು ಕೊಟ್ಟರು. ಅದೇ ವರ್ಷ ಸ್ಮಿತ್ ಮತ್ತು ಗ್ರೇಬಿಲ್, ಕೋಳಿಯ ಕುರುಡು ಕರುಳಿನಲ್ಲಿರುವ ಹೆಟೆರಾಕಿಸ್ ಎಂಬ ಸಣ್ಣ ದುಂಡುಹುಳದ ಬಲಿತ ಮೊಟ್ಟೆಗಳನ್ನು ತಿನ್ನಿಸಿ ಟರ್ಕಿಗಳಲ್ಲಿ ಮಾರಕ ಬ್ಲ್ಯಾಕ್‌ಹೆಡ್ ಬರಿಸಿ ತೋರಿಸಿದರು. 1970ರಲ್ಲಿ ರಫ್, ಮ್ಯಾಕ್‌ಡೂಗಲ್ಡ್ ಮತ್ತು ಹ್ಯಾನ್ಸನ್ ಆ ಹುಳದ ಮೊಟ್ಟೆಯೊಳಗಿನಿಂದಲೇ ಏಕಕೋಶಜೀವಿಯನ್ನು ಬೇರ್ಪಡಿಸಿದ ಮೇಲೆ ಸರಪಳಿಯ ಕೊಂಡಿಗಳೆಲ್ಲ ಕೂಡಿದವು.

ಈ ಇತಿಹಾಸಕ್ಕೂ ನಮ್ಮ ಹಿತ್ತಲಿಗೂ ಒಂದು ನೇರ ನಂಟಿದೆ. ಟರ್ಕಿ ಭಾರತಕ್ಕೆ ಹಳೆಯ ಅತಿಥಿ. 1612ರಲ್ಲಿ ಗೋವೆಯಿಂದ ಮುಕರ್ರಬ್ ಖಾನ್ ತಂದ ಟರ್ಕಿಯನ್ನು ಕಂಡು ಬೆರಗಾದ ಜಹಾಂಗೀರ್ ಅದರ ಚಿತ್ರ ಬರೆಸಿದ. ಉಸ್ತಾದ್ ಮನ್ಸೂರ್ ಬರೆದ ಆ ಚಿತ್ರ ಇಂದಿಗೂ ಉಳಿದಿದೆ. ಆದರೆ ಇಂದು ದಕ್ಷಿಣ ಭಾರತದ ಸಣ್ಣ ರೈತನಿಗೆ ಶಿಫಾರಸಾಗುವ ಟರ್ಕಿಯ ರಕ್ತ ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ರೂಪುಗೊಂಡ ಬೆಲ್ಟ್ಸ್‌ವಿಲ್ ಸ್ಮಾಲ್ ವೈಟ್ ತಳಿಯನ್ನು ನಾಡು ಕಪ್ಪು ಟರ್ಕಿಯೊಂದಿಗೆ ಕೂಡಿಸಿ ತಮಿಳುನಾಡಿನಲ್ಲಿ ನಂದನಂ ಟರ್ಕಿ-1 ತಯಾರಾಯಿತು. ಮಣ್ಣಿನಲ್ಲಿ ಹೆಟೆರಾಕಿಸ್ ಮೊಟ್ಟೆ ಎಷ್ಟು ಕಾಲ ಬದುಕುತ್ತದೆ ಎಂದು ಮೇರಿಯನ್ ಫಾರ್, ಯಾವ ಹಕ್ಕಿ ಆ ಹುಳವನ್ನು ಎಷ್ಟು ಪೋಷಿಸುತ್ತದೆ ಎಂದು ಲುಂಡ್ ಮತ್ತು ಚ್ಯೂಟ್ ಪರೀಕ್ಷಿಸಿದ್ದೂ ಅದೇ ಬೆಲ್ಟ್ಸ್‌ವಿಲ್‌ನಲ್ಲಿ. ಹಕ್ಕಿಯೂ ಅದರ ಬಗೆಗಿನ ಎಚ್ಚರಿಕೆಯೂ ಒಂದೇ ನೆಲದಿಂದ ಬಂದವು. ಆ ನೆಲ ತಂಪು ಹವೆಯದು, ಹುಲ್ಲಿನಿಂದ ಮುಚ್ಚಿದ್ದು, ವರ್ಷದ ಹೆಚ್ಚು ಕಾಲ ತೇವ ಉಳಿಸಿಕೊಳ್ಳುವಂಥದ್ದು. ಕೊಂಕಲ್‌ನ ನೆಲ ಹಾಗಿಲ್ಲ.

ಹೀಗಿದ್ದರೂ ಕೊಂಕಲ್‌ನಲ್ಲಿ ಇದನ್ನು ಯಾಕೆ ಕೇಳಬೇಕು? ಈ ಸೀಮೆಯಲ್ಲಿ ಟರ್ಕಿ ಇನ್ನೂ ಅಪರೂಪ; ಹಿತ್ತಲಿನ ಒಡೆತನ ಜವಾರಿ ಕೋಳಿಯದು. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದ ಸುಮಾರು 85 ಕೋಟಿ ಕೋಳಿ-ಪಕ್ಷಿಗಳಲ್ಲಿ ಹಿತ್ತಲ ಸಾಕಣೆಯವು 31 ಕೋಟಿಗೂ ಮೇಲೆ, ಮತ್ತು ಹಿಂದಿನ ಗಣತಿಗಿಂತ ಈ ಭಾಗ ಏರಿದ್ದು ಶೇ. 45ಕ್ಕೂ ಹೆಚ್ಚು. ಮಳೆ ಕೈಕೊಟ್ಟ ವರ್ಷ ಗಂಡಸರು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋದಾಗ ಮನೆಯಲ್ಲಿ ಉಳಿದ ಹೆಣ್ಣುಮಗಳ ಕೈಗೆ ರೊಕ್ಕವಾಗಿ ಬರುವುದು ಆಡು ಮತ್ತು ಕೋಳಿ. ಹುಂಜ ಟರ್ಕಿ ಏಳೆಂಟು ಕಿಲೋ ತೂಗಬಲ್ಲದು. ಜವಾರಿ ಹುಂಜ ಎರಡು ಕಿಲೋ ದಾಟಿದರೆ ದೊಡ್ಡದು. ಗಿರಿರಾಜದಂಥ ಸುಧಾರಿತ ತಳಿಯ ಮರಿ ಹಳ್ಳಿಗೆ ತಲುಪಿದ ದಾರಿಯಲ್ಲೇ ನಾಳೆ ಟರ್ಕಿ ಮರಿಯೂ ಬರಬಹುದು. ಬಂದಾಗ ಅದು ಕಾಲಿಡುವುದು ಖಾಲಿ ಶೆಡ್ಡಿಗಲ್ಲ, ತಲೆಮಾರುಗಳಿಂದ ಕೋಳಿ ಕೆದರಿದ ಹಿತ್ತಲಿಗೆ.

ಬರುವ ದಾರಿಯಲ್ಲೇ ಮೊದಲ ತೊಡಕಿದೆ. ಟರ್ಕಿ ಮರಿ ಹುಟ್ಟಿದ ಮೊದಲ ದಿನಗಳಲ್ಲಿ ತಾನಾಗಿ ತಿನ್ನಲು ಕಲಿಯುವುದು ನಿಧಾನ. ಹಸಿವಿನಿಂದಲೇ ಸಾಯುವ ಮರಿಗಳ ಪಾಲು ಸಣ್ಣದಲ್ಲ. ಅದಕ್ಕಾಗಿಯೇ ನಮ್ಮ ಕೈಪಿಡಿಗಳು ಮೊದಲ ಹದಿನೈದು ದಿನ ಕುಡಿಯುವ ನೀರಿಗೆ ಹಾಲು ಬೆರೆಸಬೇಕು, ಹತ್ತು ಮರಿಗೆ ಒಂದು ಬೇಯಿಸಿದ ಮೊಟ್ಟೆ ಕೊಡಬೇಕು ಎನ್ನುತ್ತವೆ. ಜೊತೆಗೆ ಬಿಸಿ ಕೊಡಲು ಬಲ್ಬು ಬೇಕು, ಬಲ್ಬಿಗೆ ಕೈಕೊಡದ ಕರೆಂಟು ಬೇಕು. ಇದೆಲ್ಲದರ ಬದಲಿಗೆ ಹಳ್ಳಿಯಲ್ಲಿ ಇರುವುದು ಕಾವಿಗೆ ಕೂತ ಜವಾರಿ ಹೇಂಟೆ. ಕೋಳಿ ಮೊಟ್ಟೆ ಒಡೆಯಲು 21 ದಿನ, ಟರ್ಕಿ ಮೊಟ್ಟೆಗೆ 28 ದಿನ. ಕಾವಿನ ಹಟವುಳ್ಳ ಹೇಂಟೆ ಆ ಹೆಚ್ಚಿನ ವಾರವನ್ನೂ ಕೂತು ಮುಗಿಸುತ್ತದೆ. ಟರ್ಕಿ ಮೊಟ್ಟೆ ಜವಾರಿ ಮೊಟ್ಟೆಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಗುವುದರಿಂದ ಒಂದು ಹೇಂಟೆಯ ರೆಕ್ಕೆಯಡಿ ಐದಾರನ್ನಷ್ಟೇ ಇಡಬಹುದು. ಆದರೆ ಆ ಐದಾರು ಮರಿಗಳಿಗೆ ನೆಲ ಕುಕ್ಕುವುದನ್ನು ಕಲಿಸುವ, ಗಿಡುಗ ಬಂದಾಗ ಕೂಗಿ ಕರೆಯುವ, ರಾತ್ರಿ ಬಿಸಿ ಕೊಡುವ ತಾಯಿ ಬಿಟ್ಟಿಯಾಗಿ ಸಿಗುತ್ತಾಳೆ. ಟರ್ಕಿ ಮರಿಗೆ ಬೇಕಾದ ಶೇ. 28ರಷ್ಟು ಸಸಾರಜನಕವನ್ನು ಜೋಳದ ನುಚ್ಚು ಕೊಡಲಾರದು. ಹೇಂಟೆ ಕೆದರಿ ತೋರಿಸುವ ಹುಳ-ಹುಪ್ಪಟೆ, ಹೊಲದಿಂದ ತಂದು ಕೊಡವಿದ ಗೆದ್ದಲು ಅದರಲ್ಲಿ ಒಂದು ಪಾಲನ್ನಾದರೂ ತುಂಬುತ್ತವೆ. ಒಟ್ಟಿಗೆ ಸಾಕಬೇಡಿ ಎಂಬ ವಿಧಿಯನ್ನು ಅಕ್ಷರಶಃ ಪಾಲಿಸಿದರೆ ಬಡವರ ಮನೆಯ ಈ ಏಕೈಕ ಕಾವುಯಂತ್ರವೇ ಕೈತಪ್ಪುತ್ತದೆ.

ಇನ್ನು ವಿವಾದದ ಬಿಂದು. ಕರ್ಟಿಸ್ ಹೇಳಿದ್ದರಲ್ಲಿ ಎರಡು ಮಾತುಗಳಿವೆ: ಕೋಳಿ ಸೋಂಕಿನ ಮೂಲ ಎಂಬುದೊಂದು, ಆದ್ದರಿಂದ ಟರ್ಕಿಯನ್ನು ಕೋಳಿಯಿಂದ ದೂರವಿಡಿ ಎಂಬುದು ಇನ್ನೊಂದು. ಮೊದಲನೆಯದನ್ನು ಮುಂದಿನ ಸಂಶೋಧನೆಗಳೆಲ್ಲ ಗಟ್ಟಿಗೊಳಿಸಿವೆ. ಲುಂಡ್ ಮತ್ತು ಚ್ಯೂಟ್ ಅವರ ಹೋಲಿಕೆಗಳು ಇದನ್ನು ಇನ್ನಷ್ಟು ಸ್ಪಷ್ಟ ಮಾಡಿದವು. ಕೋಳಿಯ ಕುರುಡು ಕರುಳಿನಲ್ಲಿ ಹೆಟೆರಾಕಿಸ್ ಸೊಂಪಾಗಿ ಬೆಳೆದು ಮೊಟ್ಟೆ ಇಡುತ್ತದೆ, ಕೋಳಿ ಹಿಸ್ಟೊಮೊನಾಸ್ ಸೋಂಕನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಟರ್ಕಿಯಲ್ಲಿ ಕುರುಡು ಕರುಳೇ ಕೊಳೆತು ಹೋಗುವುದರಿಂದ ಹುಳಕ್ಕೂ ನೆಲೆ ತಪ್ಪುತ್ತದೆ. ಬರೀ ಟರ್ಕಿಗಳ ಹಿಂಡಿನಲ್ಲಿ ಹುಳದ ಸಂತತಿ ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ, ಕೋಳಿ ಬಂದರೆ ಮತ್ತೆ ತುಂಬಿಕೊಳ್ಳುತ್ತದೆ. ಈ ಅರ್ಥದಲ್ಲಿ ಕರ್ಟಿಸ್ ಪೂರ್ತಿ ಸರಿ.

ಎರಡನೆಯ ಮಾತು 1907ರಲ್ಲಿ ಸಹಜವಾಗಿತ್ತು, ಯಾಕೆಂದರೆ ಹುಳದ ಪಾತ್ರ ಆಗ ಇನ್ನೂ ಬೆಳಕಿಗೆ ಬಂದಿರಲಿಲ್ಲ. ಕೋಳಿಯಿಂದ ಟರ್ಕಿಗೆ ರೋಗ ನೇರ ದಾಟುತ್ತದೆ ಎಂದುಕೊಂಡವರಿಗೆ ನಡುವೆ ಬೇಲಿ ಹಾಕುವುದೇ ಪರಿಹಾರ. 1920ರ ಬಳಿಕ ಚಿತ್ರವೇ ಬದಲಾಯಿತು. ಆದರೆ ವಿಧಿಯ ಒಕ್ಕಣೆ ಮಾತ್ರ ಬದಲಾಗಲಿಲ್ಲ. ನನ್ನ ಭಿನ್ನಾಭಿಪ್ರಾಯ ಇರುವುದು ಇಲ್ಲಿ.

ಹುಳದ ಜೀವನಚಕ್ರವನ್ನು ಸಾಕಣೆದಾರನ ಕಣ್ಣಿನಿಂದ ನೋಡೋಣ. ಹಿಸ್ಟೊಮೊನಾಸ್ ಬರಿಮೈಯಲ್ಲಿ ಹಿಕ್ಕೆಯೊಂದಿಗೆ ಹೊರಬಿದ್ದರೆ ಕೆಲವೇ ತಾಸುಗಳಲ್ಲಿ ಸಾಯುತ್ತದೆ. ಹೆಟೆರಾಕಿಸ್ ಮೊಟ್ಟೆಯ ಚಿಪ್ಪಿನೊಳಗೆ ಸೇರಿಕೊಂಡರೆ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಆ ಮೊಟ್ಟೆ ಕೋಳಿಯಿಂದ ಹೊರಬಿದ್ದ ದಿನವೇ ಅಪಾಯಕಾರಿಯಲ್ಲ. ಬೆಚ್ಚಗಿನ, ತೇವದ ಮಣ್ಣಿನಲ್ಲಿ ಸುಮಾರು ಎರಡು ವಾರ ಬಲಿತು ಒಳಗೆ ಮರಿಹುಳ ರೂಪುಗೊಂಡ ಮೇಲಷ್ಟೇ ಸೋಂಕು ಹರಡಬಲ್ಲದು. ಬಲಿತ ಮೊಟ್ಟೆಯನ್ನು ನುಂಗಿದ ಕೋಳಿಯಲ್ಲಿ ಹುಳ ಬೆಳೆದು ಹೊಸ ಮೊಟ್ಟೆ ಇಡತೊಡಗಲು ಮತ್ತೆ ನಾಲ್ಕು ವಾರದ ಆಸುಪಾಸು ಬೇಕು. ಹಾಗಿದ್ದರೆ ಇವತ್ತು ಅಂಗಳದಲ್ಲಿ ಟರ್ಕಿ ಮರಿಯ ಪಕ್ಕದಲ್ಲಿ ನಿಂತ ಹೇಂಟೆ ಹಾಕಿದ ಹಿಕ್ಕೆ ಇವತ್ತಿನ ಅಪಾಯವಲ್ಲ. ಹೋದ ತಿಂಗಳು, ಹೋದ ವರ್ಷ, ಅದಕ್ಕೂ ಹಿಂದೆ ಅದೇ ಅಂಗಳದಲ್ಲಿ ತಿರುಗಿದ ಕೋಳಿಗಳ ಹಿಕ್ಕೆ ಇವತ್ತಿನ ಅಪಾಯ. ಅವುಗಳಲ್ಲಿ ಹಲವನ್ನು ಮನೆಯವರು ಆಗಲೇ ಮಾರಿರುತ್ತಾರೆ ಇಲ್ಲವೆ ಅಡುಗೆ ಮಾಡಿರುತ್ತಾರೆ.

ಈಗ ವಿಧಿಯನ್ನು ಅಕ್ಷರಶಃ ಪಾಲಿಸುವ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಆತ ಇದ್ದ ಕೋಳಿಗಳನ್ನೆಲ್ಲ ಸಂತೆಗೆ ಸಾಗಿಸಿ, ಖಾಲಿಯಾದ ಕೋಳಿ ಗೂಡನ್ನು ಗುಡಿಸಿ, ಸುಣ್ಣ ಬಳಿದು, ಅಲ್ಲೇ ಟರ್ಕಿ ಮರಿ ಬಿಡುತ್ತಾನೆ. ಹಿಂಡು ಬೇರೆ, ಜಾತಿ ಬೇರೆ, ನಿಯಮಭಂಗ ಎಲ್ಲೂ ಇಲ್ಲ. ಆದರೆ ರೋಗಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೊಂದಿಲ್ಲ. ಇದಕ್ಕೆ ಎದುರಾಗಿ, ಕೋಳಿ ಎಂದೂ ಕಾಲಿಡದ ನೆಲದಲ್ಲಿ, ಹುಳದ ಔಷಧಿ ಕೊಟ್ಟ ಒಂದೇ ಒಂದು ಹೇಂಟೆಯೊಂದಿಗೆ ಐದು ಟರ್ಕಿ ಮರಿ ಬಿಟ್ಟವಳು ನಿಯಮ ಮುರಿದವಳಾಗುತ್ತಾಳೆ. ಅವಳ ಮರಿಗಳಿಗೆ ಇರುವ ಅಪಾಯ ಕಡಿಮೆ. ಅಪಾಯ ಕಡಿಮೆ ಇರುವ ಕಡೆ ತಡೆದು, ಹೆಚ್ಚು ಇರುವ ಕಡೆ ಸುಮ್ಮನಿರುವ ವಿಧಿಯನ್ನು ತಿದ್ದಿ ಬರೆಯಬೇಕು. ಹಕ್ಕಿಯ ಸಂಗಕ್ಕಿಂತ ನೆಲದ ಸಂಗವನ್ನು ಮುಂದಿಟ್ಟು ಬರೆಯಬೇಕು.

ಈ ಮಾತನ್ನು ಇಷ್ಟು ಗಟ್ಟಿಯಾಗಿ ಹೇಳುವಾಗ ಅದರ ಮಿತಿಗಳನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. 2003ರಲ್ಲಿ ಹು ಮತ್ತು ಮ್ಯಾಕ್‌ಡೂಗಲ್ಡ್, ಟರ್ಕಿಯಿಂದ ಟರ್ಕಿಗೆ ಈ ರೋಗ ಹುಳದ ನೆರವಿಲ್ಲದೆಯೂ ದಾಟುತ್ತದೆ ಎಂದು ತೋರಿಸಿದರು. ಟರ್ಕಿಯ ಮಲದ್ವಾರಕ್ಕೆ ತಾಗಿದ ದ್ರವವನ್ನು ಅದು ಒಳಗೆ ಹೀರಿಕೊಳ್ಳುತ್ತದೆ. ಹಸಿ ಹಿಕ್ಕೆಯ ಮೇಲೆ ಕೂತ ಮರಿ ಜೀವಂತ ಹಿಸ್ಟೊಮೊನಾಸನ್ನು ನೇರವಾಗಿ ಕುರುಡು ಕರುಳಿಗೆ ಎಳೆದುಕೊಳ್ಳಬಹುದು. ಒಂದು ಮರಿಗೆ ಸೋಂಕು ತಗಲಿದರೆ ನೆಲ ಎಷ್ಟೇ ಚೊಕ್ಕಟವಿದ್ದರೂ ಉಳಿದವಕ್ಕೆ ಹರಡುತ್ತದೆ. ಹಾಗಿದ್ದರೆ ಸೋಂಕಿನ ಕೋಳಿಯ ಹಸಿ ಹಿಕ್ಕೆಯಿಂದಲೂ ಟರ್ಕಿಗೆ ಹೀಗೇ ದಾಟಬಾರದೇಕೆ? ಮ್ಯಾಕ್‌ಡೂಗಲ್ಡ್ ಮತ್ತು ಸಂಗಡಿಗರು 2006ರಲ್ಲಿ ಕೋಳಿಗಳ ನಡುವೆ ಹುಳವಿಲ್ಲದೆ ಸೋಂಕು ದಾಟಿಸಲು ಪ್ರಯತ್ನಿಸಿ ವಿಫಲರಾದರು. ಈ ವೈಫಲ್ಯ ನನ್ನ ವಾದಕ್ಕೆ ಬಲ ಕೊಡುತ್ತದೆ. ಆದರೆ ಅದು ಕೋಳಿಯಿಂದ ಕೋಳಿಗೆ ಸಂಬಂಧಿಸಿದ ಪ್ರಯೋಗ. ಹೀರಿಕೊಳ್ಳುವ ಗುಣ ಬಲವಾಗಿರುವ ಟರ್ಕಿ ಮರಿ ರಾತ್ರಿಯಿಡೀ ಹೇಂಟೆಯ ರೆಕ್ಕೆಯಡಿ ಹಸಿ ಹಿಕ್ಕೆಗೆ ತಾಗಿ ಕೂತಾಗ ಏನಾಗುತ್ತದೆ ಎಂಬುದಕ್ಕೆ ಆ ಪ್ರಯೋಗವನ್ನು ಉತ್ತರವಾಗಿ ಹಿಡಿಯುವುದು ದುಡುಕು. ಆದ್ದರಿಂದ ನನ್ನ ವಾದವನ್ನು ಹೀಗೆ ಇಳಿಸಿ ಹೇಳುತ್ತೇನೆ: ಮೊದಲ ಸೋಂಕು ಬರುವುದು ಬಹುಪಾಲು ಹಳೆಯ ನೆಲದಿಂದ, ಹೇಂಟೆಯಿಂದ ನೇರ ಬರುವ ಸಾಧ್ಯತೆ ಸಣ್ಣದು, ಶೂನ್ಯವಲ್ಲ, ಹಾಗಾಗಿ ಕಾವಿಗೆ ಆರಿಸುವ ಹೇಂಟೆ ಗಟ್ಟಿಮುಟ್ಟಾಗಿರಬೇಕು, ಹಿಕ್ಕೆ ಗಟ್ಟಿಯಾಗಿರಬೇಕು, ಬುಟ್ಟಿಯ ಹುಲ್ಲು ದಿನವೂ ಬದಲಾಗಬೇಕು.

ಕಾವಿನ ಅವಧಿಯೇ ಒಂದು ಲೆಕ್ಕಕ್ಕೆ ಅವಕಾಶ ಕೊಡುತ್ತದೆ. ಕಾವಿಗೆ ಕೂಡಿಸುವ ಹೊತ್ತಿಗೆ ಹೇಂಟೆಗೆ ಫೆನ್‌ಬೆಂಡಜೋಲ್‌ನಂಥ ಜಂತುನಾಶಕ ಕೊಟ್ಟು, 28 ದಿನವೂ ಬುಟ್ಟಿಯ ಹತ್ತಿರವೇ ಕಾಳು-ನೀರು ಇಟ್ಟು, ಹಳೆಯ ನೆಲ ಕೆದರದಂತೆ ನೋಡಿಕೊಂಡರೆ, ಮರಿ ಹೊರಬರುವಾಗ ಹೇಂಟೆಯ ಕರುಳಿನಲ್ಲಿ ಮೊಟ್ಟೆ ಇಡುವ ಹುಳ ಇರುವ ಸಂಭವ ಕಡಿಮೆ. ಆ ದಿನವೇ ಹೊಸ ಸೋಂಕು ತಗಲಿದರೂ ಹುಳ ಬೆಳೆಯಲು ನಾಲ್ಕು ವಾರ, ಹೊರಬಿದ್ದ ಮೊಟ್ಟೆ ಬಲಿಯಲು ಎರಡು ವಾರ. ಅಂದರೆ ಹೊಸ ನೆಲದಲ್ಲಿ ಹೇಂಟೆಯ ಮೂಲಕ ಮರಿಗೆ ಅಪಾಯ ಹುಟ್ಟುವುದು ಸುಮಾರು ಆರನೆಯ ವಾರದ ಹೊತ್ತಿಗೆ. ಅಷ್ಟರಲ್ಲಿ ಮರಿಗಳು ಬಿಸಿಗೆ ತಾಯಿಯನ್ನು ಹೆಚ್ಚು ನೆಚ್ಚುವುದಿಲ್ಲ, ಹೇಂಟೆಯನ್ನು ಬೇರ್ಪಡಿಸಬಹುದು. ಔಷಧಿ ಎಲ್ಲ ಹುಳವನ್ನೂ ತೆಗೆಯುತ್ತದೆಂಬ ಖಾತ್ರಿಯಿಲ್ಲ, ಮಣ್ಣಿನಲ್ಲಿರುವ ಮೊಟ್ಟೆಯ ಮೇಲಂತೂ ಅದರ ಪ್ರಭಾವ ಏನೂ ಇಲ್ಲ. ಈ ಲೆಕ್ಕ ನೆಲ ನಿಜವಾಗಿಯೂ ಹೊಸದಾಗಿದ್ದರೆ ಮಾತ್ರ ನಿಲ್ಲುತ್ತದೆ.

ಹೊಸ ನೆಲ ಎಲ್ಲಿದೆ? ಕೊಂಕಲ್ ಸೀಮೆಯ ನೆಲದ ಬಗ್ಗೆ ಸುಲಭವಾಗಿ ಹೊಳೆಯುವ ವಾದವೊಂದಿದೆ. ಹೆಟೆರಾಕಿಸ್ ಮೊಟ್ಟೆ ಒಣಗುವಿಕೆಯನ್ನೂ ನೇರ ಬಿಸಿಲನ್ನೂ ತಡೆದುಕೊಳ್ಳಲಾರದು. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ನೆರಳಿನ ಉಷ್ಣತೆಯೇ 42 ಡಿಗ್ರಿ ದಾಟುತ್ತದೆ. ಬಯಲು ನೆಲದ ಮೈ ಇನ್ನೂ ಎಷ್ಟೋ ಹೆಚ್ಚು ಕಾಯುತ್ತದೆ. ಹಾಗಾದರೆ ಬೇಸಿಗೆಯೇ ವರ್ಷಕ್ಕೊಮ್ಮೆ ಅಂಗಳವನ್ನು ಸುಟ್ಟು ಶುದ್ಧ ಮಾಡುತ್ತದಲ್ಲ, ಬೆಲ್ಟ್ಸ್‌ವಿಲ್‌ನ ಹೆದರಿಕೆ ಇಲ್ಲಿಗೆ ಯಾಕೆ? ಈ ವಾದದಲ್ಲಿ ಅರ್ಧ ನಿಜವಿದೆ, ಮತ್ತು ಆ ಅರ್ಧ ನಿಜವೇ ಹೆಚ್ಚು ಅಪಾಯಕಾರಿ.

ಈ ಭಾಗದ ಒಂದು ಸಾಮಾನ್ಯ ಹಿತ್ತಲನ್ನು ಮೇ ತಿಂಗಳ ನಡುಹಗಲಿನಲ್ಲಿ ಹತ್ತಿರದಿಂದ ನೋಡಬೇಕು. ಕಲ್ಲು ಹಾಸಿದ ಬಚ್ಚಲಿನಿಂದ ಸಣ್ಣ ಕಾಲುವೆಯಲ್ಲಿ ಹರಿದ ನೀರು ಗೋಡೆಯ ಬುಡದಲ್ಲಿ ನಿಂತಿರುತ್ತದೆ. ಅದರ ಅಂಚಿಗೆ ಎರಡು ಕೆಸುವಿನ ಗಿಡವೋ ಬಾಳೆಯೋ. ಅಲ್ಲಿಂದ ಹತ್ತು ಹೆಜ್ಜೆಗೆ ತಿಪ್ಪೆ, ಮೇಲೆ ಒಣಗಿದಂತೆ ಕಂಡರೂ ಕೋಲಿನಿಂದ ಕೆದಕಿದರೆ ಒಳಗೆ ಹಸಿ. ದನಕ್ಕೆ ನೀರು ಕುಡಿಸುವ ದೋಣಿಯ ಸುತ್ತ ಒಂದು ಕಪ್ಪು ಉಂಗುರ. ಉಳಿದ ಅಂಗಳವೆಲ್ಲ ಬಿಳುಪೇರಿ ಧೂಳಾಗಿದೆ, ಅಲ್ಲಿ ಒಂದು ಕೋಳಿಯೂ ಇಲ್ಲ. ಕೋಳಿಗಳೆಲ್ಲ ರೆಕ್ಕೆ ಬಿಚ್ಚಿ, ಕೊಕ್ಕು ತೆರೆದು ತೇಕುತ್ತ ಬಚ್ಚಲ ಅಂಚಿನ ತಂಪು ಮಣ್ಣಿನಲ್ಲಿ ಗುಂಡಿ ತೋಡಿಕೊಂಡು ಮಲಗಿವೆ. ಅಲ್ಲೇ ಹಿಕ್ಕೆ ಹಾಕುತ್ತವೆ, ಅಲ್ಲೇ ಕುಕ್ಕುತ್ತವೆ. ಬಯಲಿನಲ್ಲಿ ಮೊಟ್ಟೆಯನ್ನು ಕೊಲ್ಲುವ ಬಿಸಿಲೇ ಹಕ್ಕಿಗಳನ್ನು ಮೊಟ್ಟೆ ಉಳಿಯುವ ಜಾಗಕ್ಕೆ ಅಟ್ಟುತ್ತದೆ. ಟರ್ಕಿಯೂ ಸೆಕೆಗೆ ಅದೇ ನೆರಳನ್ನು ಹುಡುಕುತ್ತದೆ. ಹಿತ್ತಲಿನ ಹತ್ತರಲ್ಲಿ ಒಂಬತ್ತು ಪಾಲು ನೆಲ ಶುದ್ಧವಾಗಿದ್ದರೂ, ಹಕ್ಕಿಯ ದಿನದ ಹೆಚ್ಚು ಹೊತ್ತು ಕಳೆಯುವುದು ಉಳಿದ ಆ ಒಂದು ಪಾಲಿನಲ್ಲಿ.

ಎರೆಮಣ್ಣಿನ ಬಿರುಕು ಇನ್ನೊಂದು ತೊಡಕು. ಈ ಸೀಮೆಯಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ಎರೆ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲ್ಮಣ್ಣಿನ ಪುಡಿಯೊಂದಿಗೆ ಅದರಲ್ಲಿರುವ ಹುಳದ ಮೊಟ್ಟೆಯೂ ಬಿರುಕಿಗೆ ಉದುರುವುದು ಸಹಜ; ಅಲ್ಲಿ ಬಿಸಿಲು ತಾಗದು, ಆಳಕ್ಕೆ ಹೋದಂತೆ ತೇವವೂ ಉಂಟು. ಎರೆಹುಳ ಬೇಸಿಗೆಯಲ್ಲಿ ಆಳಕ್ಕೆ ಇಳಿದು ಮುದುರಿಕೊಳ್ಳುತ್ತದೆ. ಎರೆಹುಳ ಹೆಟೆರಾಕಿಸ್ ಮೊಟ್ಟೆಯನ್ನು ನುಂಗಿ, ಮರಿಹುಳವನ್ನು ತನ್ನ ಮೈಯಲ್ಲಿ ಇಟ್ಟುಕೊಂಡು, ತನ್ನನ್ನು ತಿಂದ ಟರ್ಕಿಗೆ ಬ್ಲ್ಯಾಕ್‌ಹೆಡ್ ಸಮೇತ ದಾಟಿಸುತ್ತದೆ ಎಂದು ಲುಂಡ್, ವೇರ್ ಮತ್ತು ಎಲ್ಲಿಸ್ 1966ರಲ್ಲೇ ತೋರಿಸಿದ್ದಾರೆ. ಮಿರಗದ ಮಳೆ ಬಿದ್ದ ಮರುದಿನ ಎರೆಹುಳ ಮೇಲೆ ಬರುತ್ತವೆ, ಹಿಂಡೆಲ್ಲ ಅದರ ಮೇಲೆ ಮುಗಿಬೀಳುತ್ತದೆ. ಬಿರುಕಿನ ಕುರಿತ ಈ ಮಾತು ಮಣ್ಣಿನ ಗುಣ ಮತ್ತು ಮೊಟ್ಟೆಯ ಗುಣ ಎರಡನ್ನೂ ಕೂಡಿಸಿ ಮಾಡಿದ ಅನುಮಾನ. ಎರೆ ನೆಲದ ಮಾದರಿ ತೆಗೆದು ಸಾಬೀತುಮಾಡುವ ತನಕ ಅದನ್ನು ಅನುಮಾನವೆಂದೇ ಓದಬೇಕು. ಆದರೆ ಬೇಸಿಗೆಯೇ ಅಂಗಳವನ್ನು ಶುದ್ಧ ಮಾಡುತ್ತದೆ ಎಂಬ ಧೈರ್ಯವನ್ನು ಅಲುಗಿಸಲು ಅಷ್ಟು ಸಾಕು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಶಹಾಪುರ, ಸುರಪುರದ ಊರುಗಳಲ್ಲಿ ಭತ್ತದ ಗದ್ದೆ ಬಂದ ಮೇಲೆ ಊರಂಚಿನ ನೆಲ ಬೇಸಿಗೆಯಲ್ಲೂ ಆರದ ಕಡೆಗಳುಂಟು. ಅಲ್ಲಿ ಆ ಧೈರ್ಯಕ್ಕೆ ಆಧಾರವೇ ಇಲ್ಲ.

ಕೋಳಿ ಕೊಯ್ದ ದಿನವೂ ನೋಡಬೇಕಾದದ್ದಿದೆ. ಕರುಳನ್ನು ಸೀಳಿದರೆ ಸಣ್ಣ ಕರುಳು ಮುಗಿದು ದೊಡ್ಡ ಕರುಳು ತೊಡಗುವಲ್ಲಿ ಎರಡು ಕುರುಡು ಚೀಲಗಳು ಕವಲೊಡೆದಿರುತ್ತವೆ. ಹಿತ್ತಲ ಕೋಳಿಯಲ್ಲಿ ಅವುಗಳ ತುದಿಯನ್ನು ಬೆರಳಿನಿಂದ ಹಿಂಡಿ ನೀರಿಗೆ ಬಿಟ್ಟರೆ ಕಂದು ಗೊಜ್ಜಿನ ನಡುವೆ ಸೆಂಟಿಮೀಟರಿನಷ್ಟುದ್ದದ, ದಾರದ ತುಣುಕಿನಂಥ ಬಿಳಿ ಹುಳ ಹೊರಳುವುದು ಕಾಣಸಿಗುತ್ತದೆ. ಹೆಟೆರಾಕಿಸ್ ಅದೇ. ಅಡುಗೆಗೆ ಬೇಡವಾದ ಈ ಚೀಲಗಳು ಹೋಗುವುದು ತಿಪ್ಪೆಗೆ. ಮೊಟ್ಟೆ ತುಂಬಿದ ಹೆಣ್ಣುಹುಳ ಸತ್ತರೂ ಅದರೊಳಗಿನ ಮೊಟ್ಟೆ ಸಾಯುವುದಿಲ್ಲ. ಪ್ರಯೋಗಾಲಯಗಳಲ್ಲಿ ಸೋಂಕಿಗೆ ಬೇಕಾದ ಮೊಟ್ಟೆಗಳನ್ನು ಪಡೆಯುವುದೇ ಹೀಗೆ ಹೆಣ್ಣುಹುಳವನ್ನು ಅರೆದು, ತೇವದಲ್ಲಿ ಬಲಿಸಿ. ತಿಪ್ಪೆಯ ಹಸಿ, ತಿಪ್ಪೆಯ ಬಿಸಿ ಆ ಕೆಲಸಕ್ಕೆ ಒದಗುವುದಿಲ್ಲವೆನ್ನಲು ಕಾರಣವಿಲ್ಲ. ಗೊಬ್ಬರ ಚೆನ್ನಾಗಿ ಕಾದು ಹುದುಗಿದ ನಡುಭಾಗದಲ್ಲಿ ಮೊಟ್ಟೆ ಸಾಯಬಹುದು, ಅಂಚಿನಲ್ಲಿ ಉಳಿಯುತ್ತದೆ. ಮಾರಿ ಮುಗಿದ ಕೋಳಿಯ ಹುಳವೂ ಕೊಯ್ದು ತಿಂದ ಕೋಳಿಯ ಹುಳವೂ ಹಿತ್ತಲಿನಲ್ಲೇ ಉಳಿಯುವ ಈ ದಾರಿಯ ಬಗ್ಗೆ ಕೈಪಿಡಿಗಳು ಮಾತಾಡುವುದು ಕಡಿಮೆ. ಕುರುಡು ಕರುಳನ್ನು ಒಲೆಗೆ ಹಾಕಿದರೆ ಇಲ್ಲವೆ ಆಳವಾಗಿ ಹೂತರೆ ಒಂದು ಪೈಸೆ ಖರ್ಚಿಲ್ಲದೆ ಸರಪಳಿಯ ಒಂದು ಕೊಂಡಿ ಕಳಚುತ್ತದೆ.

ಟರ್ಕಿಯಲ್ಲಿ ಈ ರೋಗದ ರೂಪವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮರಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತದೆ, ಹಿಕ್ಕೆ ಗಂಧಕದ ಹಳದಿಗೆ ತಿರುಗುತ್ತದೆ. ಸತ್ತ ಮರಿಯ ಹೊಟ್ಟೆ ಕೊಯ್ದರೆ ಪಿತ್ತಕೋಶದ ಪಕ್ಕದ ಯಕೃತ್ತಿನ ಮೇಲೆ ನಡು ಕುಳಿಬಿದ್ದ ಹಳದಿ-ಹಸಿರು ದುಂಡು ಕಲೆಗಳು, ಕುರುಡು ಕರುಳು ಊದಿ ಒಳಗೆ ಗಟ್ಟಿ ಗಿಣ್ಣದಂಥ ಬಿರಡೆ. ತಲೆ ಕಪ್ಪಾಗುವುದು ಎಲ್ಲ ಹಕ್ಕಿಯಲ್ಲೂ ಕಾಣುವುದಿಲ್ಲ. ಹೆಸರು ನಂಬಿ ಅದನ್ನೇ ಕಾಯುತ್ತ ಕೂತರೆ ಹಿಂಡು ಕೈಬಿಟ್ಟಿರುತ್ತದೆ. ಸಾವು ಶೇ. 80 ದಾಟುವುದುಂಟು. ಮದ್ದಿನ ದಾರಿಯೂ ಕಿರಿದಾಗಿದೆ. ಯುರೋಪ್ ಒಕ್ಕೂಟ 2003ರಲ್ಲಿ ನಿಫರ್ಸಾಲ್ ಕೈಬಿಟ್ಟಿತು. ಅಮೆರಿಕದಲ್ಲಿ ಆರ್ಸೆನಿಕ್ ಮೂಲದ ನೈಟಾರ್ಸೋನ್ 2015ರ ಕೊನೆಗೆ ಮಾರುಕಟ್ಟೆಯಿಂದ ಹೋಯಿತು. ಗುಣಪಡಿಸುವುದಕ್ಕಿಂತ ತಡೆಯುವುದೇ ಉಳಿದ ದಾರಿ.

ತಡೆಯಲು ನೆಲದಷ್ಟೇ ಕಾಲವನ್ನೂ ಆರಿಸಿಕೊಳ್ಳಬಹುದು ಎಂಬುದು ನನ್ನ ಸೂಚನೆ. ಸಂಕ್ರಾಂತಿಯ ಹೊತ್ತಿಗೆ ಕಾವಿಗೆ ಕೂಡಿಸಿದರೆ ಫೆಬ್ರವರಿಯ ನಡುಭಾಗಕ್ಕೆ ಮರಿ ಹೊರಬರುತ್ತದೆ. ಜೂನ್ ಮೊದಲ ವಾರ ಮಿರಗ ಕೂಡುವಾಗ ಅದಕ್ಕೆ ಹದಿನಾರು ವಾರ ತುಂಬಿರುತ್ತದೆ. ಸೋಂಕು ಅತಿ ಬೇಗ ಎರಗುವ ಮೂರರಿಂದ ಹನ್ನೆರಡು ವಾರದ ಎಳೆ ಪ್ರಾಯವನ್ನು ಹೀಗೆ ಪೂರ್ತಿಯಾಗಿ ಒಣ ಕಾಲದಲ್ಲಿ ಕಳೆಯಬಹುದು. ಕೋಳಿ ತಿರುಗದ ಹೊಲದ ಬದುವಿನಲ್ಲಿ, ತೊಗರಿ ಕೊಯ್ದ ನೆಲದಲ್ಲಿ, ನೆರಳಿಗೆ ಒಂದು ಚಪ್ಪರ ಹಾಕಿ, ನೀರನ್ನು ಚೆಲ್ಲದ ಪಾತ್ರೆಯಲ್ಲಿ ಎತ್ತರಕ್ಕಿಟ್ಟರೆ ಬಚ್ಚಲ ಅಂಚಿನ ಸೆಳೆತವೂ ಇರದು. ಆದರೆ ದೊಡ್ಡ ಟರ್ಕಿಗೂ ಈ ರೋಗ ಬರುತ್ತದೆ, ಪ್ರಾಯ ಪೂರ್ತಿ ರಕ್ಷೆಯಲ್ಲ. ಬೇಸಿಗೆಯ ಸೆಕೆಯೇ ಬೆಳೆಯುವ ಹಕ್ಕಿಗಳನ್ನು ಕೊಲ್ಲಬಹುದು. ಹೊಲದಲ್ಲಿ ನಾಯಿ, ನರಿ, ಕಳ್ಳರ ಕಾಟವುಂಟು. ಈ ಸೀಮೆಯ ಹೊಲಗಳಲ್ಲಿ ನವಿಲೂ ತಿರುಗುತ್ತದೆ, ಮತ್ತು ಅದೂ ಇದೇ ರೋಗಕ್ಕೆ ತುತ್ತಾಗುವ ಹಕ್ಕಿ. ಕೋಳಿ ಇಲ್ಲವೆಂದ ಮಾತ್ರಕ್ಕೆ ಹೊಲ ಕನ್ಯಾಭೂಮಿ ಎನ್ನಲಾಗದು.

ಜಂಟಿ ಸಾಕಣೆಯ ಚರ್ಚೆಯೆಲ್ಲ ಬ್ಲ್ಯಾಕ್‌ಹೆಡ್ ಸುತ್ತಲೇ ತಿರುಗಿದ್ದರಿಂದ ಬೇರೆ ಕೆಲವು ಸಂಗತಿಗಳು ಹಿಂದೆ ಸರಿದಿವೆ. ಕಾಕ್ಸಿಡಿಯಾ ತಡೆಗೆ ಬ್ರಾಯ್ಲರ್ ಮೇವಿನಲ್ಲಿ ಬಳಸುವ ಸ್ಯಾಲಿನೊಮೈಸಿನ್ ಕೋಳಿಗೆ ಒಗ್ಗುತ್ತದೆ, ಟರ್ಕಿಗೆ ವಿಷ. ಎರಡಕ್ಕೂ ಒಂದೇ ತಟ್ಟೆಯಲ್ಲಿ ಮೇವು ಸುರಿಯುವ ಮನೆಯಲ್ಲಿ ಹುಳವಿಲ್ಲದೆಯೂ ಟರ್ಕಿ ಸಾಯಬಹುದು, ಮತ್ತು ಸಾವಿನ ಹೊಣೆ ಕೋಳಿಯ ಸಂಗದ ಮೇಲೆ ಬೀಳಬಹುದು. ಮೈಕೋಪ್ಲಾಸ್ಮಾ ಕೋಳಿಯಲ್ಲಿ ನೆಗಡಿಯಂತೆ ಕಂಡು ಟರ್ಕಿಯಲ್ಲಿ ಕಣ್ಣ ಕೆಳಗೆ ಬಾವು ತರುತ್ತದೆ. ಕೊಕ್ಕರೆ ರೋಗಕ್ಕೆ ಎರಡೂ ತುತ್ತು. ಲಸಿಕೆಯನ್ನು ಎರಡಕ್ಕೂ ಒಟ್ಟಿಗೇ ಹಾಕಿಸಬೇಕು. ಸಂಗದಲ್ಲಿ ಕೋಳಿಗೆ ಲಾಭದ ಬಾಬ್ತೂ ಒಂದಿದೆ: ಮಾರೆಕ್ಸ್ ರೋಗದ ವಿರುದ್ಧ ಜಗತ್ತಿನಾದ್ಯಂತ ಕೋಳಿ ಮರಿಗೆ ಹಾಕುವ ಲಸಿಕೆಯ ಮೂಲ ವೈರಾಣು ಟರ್ಕಿಯದು, ವಿಟರ್ ಮತ್ತು ಸಂಗಡಿಗರು 1970ರಲ್ಲಿ ಅದನ್ನು ಟರ್ಕಿಗಳಿಂದ ಬೇರ್ಪಡಿಸಿದರು. ಆದರೆ ಬರಿಯ ಸಹವಾಸದಿಂದ ಹಿತ್ತಲ ಕೋಳಿಗೆ ಲಸಿಕೆಯಷ್ಟು ರಕ್ಷೆ ಸಿಗುತ್ತದೆಂದು ನೆಚ್ಚಿ ಕೂರುವಂತಿಲ್ಲ.

ಹಾಗಾದರೆ ಕೈಪಿಡಿಯಲ್ಲಿ ಬರೆಯಬೇಕಾದ ಸಾಲು ಯಾವುದು? ಟರ್ಕಿ ಮತ್ತು ಕೋಳಿಯನ್ನು ಒಟ್ಟಿಗೆ ಸಾಕಬೇಡಿ ಎನ್ನುವ ಬದಲು, ಕಳೆದ ಕೆಲವು ವರ್ಷಗಳಲ್ಲಿ ಕೋಳಿ ತಿರುಗಿದ ನೆಲಕ್ಕೆ ಟರ್ಕಿ ಮರಿ ಬಿಡಬೇಡಿ, ಅಲ್ಲಿ ಈಗ ಕೋಳಿ ಇರಲಿ ಇಲ್ಲದಿರಲಿ ಎಂದು ಬರೆದರೆ ವಿಜ್ಞಾನಕ್ಕೆ ಹತ್ತಿರವಾಗುತ್ತದೆ. ಹುಳ ತೆಗೆದ ಒಂದು ಕಾವಿನ ಹೇಂಟೆಗೆ, ಹೊಸ ನೆಲದಲ್ಲಿ, ಮೊದಲ ಐದಾರು ವಾರ ಮಾತ್ರ ವಿನಾಯಿತಿ ಕೊಡಬಹುದು. ಶೆಡ್ಡಿನಲ್ಲಿ ನೂರಾರು ಟರ್ಕಿ ಸಾಕುವವರಿಗೆ ಈ ವಿನಾಯಿತಿ ಬೇಕಿಲ್ಲ. ಅವರಿಗೆ ಬ್ರೂಡರ್ ಇದೆ, ನಷ್ಟವಾದರೆ ಆಗುವ ಮೊತ್ತವೂ ದೊಡ್ಡದು. ಅವರು ಹಳೆಯ ವಿಧಿಯನ್ನೇ ಪಾಲಿಸುವುದು ಒಳ್ಳೆಯದು. ನನ್ನ ತಿದ್ದುಪಡಿ ಐದಾರು ಮರಿಯ ಹಿತ್ತಲಿಗಷ್ಟೇ ಸೀಮಿತ.

ಈ ವಾದ ನಿಲ್ಲುತ್ತದೋ ಬೀಳುತ್ತದೋ ಎಂಬುದನ್ನು ದುಬಾರಿ ಉಪಕರಣವಿಲ್ಲದೆಯೇ ಪರೀಕ್ಷಿಸಬಹುದು. ಯಾದಗಿರಿ, ಶಹಾಪುರ, ಸುರಪುರದ ಸಂತೆಗಳಲ್ಲಿ ವಾರವಾರವೂ ಜವಾರಿ ಕೋಳಿ ಕೊಯ್ಯುತ್ತಾರೆ. ಬಿಸಾಡುವ ಕುರುಡು ಕರುಳುಗಳನ್ನು ಪಡೆದು ತಿಂಗಳುವಾರು ಹುಳ ಎಣಿಸಿದರೆ, ಒಣ ಊರಿಗೂ ಕಾಲುವೆ ಊರಿಗೂ, ಮೇ ತಿಂಗಳಿಗೂ ಶ್ರಾವಣಕ್ಕೂ ವ್ಯತ್ಯಾಸವಿದೆಯೋ ತಿಳಿಯುತ್ತದೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಒಂದು ವರ್ಷದಲ್ಲಿ ಮುಗಿಸಬಹುದಾದ ಕೆಲಸವಿದು. ಬಿರಿದ ಎರೆ ನೆಲದ ಬೇರೆ ಬೇರೆ ಆಳದಿಂದ ಮಣ್ಣು ತೆಗೆದು ಮೊಟ್ಟೆಯ ಜೀವ ಪರೀಕ್ಷಿಸುವುದು ಅದಕ್ಕಿಂತ ಕಷ್ಟದ್ದು, ಆದರೆ ಬಿರುಕಿನ ಅನುಮಾನ ನಿಜವೋ ಸುಳ್ಳೋ ಎಂಬುದು ಅದರಿಂದಲೇ ಇತ್ಯರ್ಥವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹುಳವಿಲ್ಲದ ಆದರೆ ಹಿಸ್ಟೊಮೊನಾಸ್ ಹೊತ್ತ ಹೇಂಟೆಯ ರೆಕ್ಕೆಯಡಿ ಟರ್ಕಿ ಮರಿಗಳನ್ನು ಮಲಗಿಸಿ ನೋಡುವ ಪ್ರಯೋಗ ಆಗಬೇಕು. ಅಲ್ಲಿ ಮರಿಗಳು ಕಾಯಿಲೆ ಬಿದ್ದರೆ ನಾನು ಕೇಳಿದ ವಿನಾಯಿತಿಯನ್ನು ಹಿಂದಕ್ಕೆ ಪಡೆಯಬೇಕಾಗುತ್ತದೆ. ನೆಲದ ಕುರಿತ ಎಚ್ಚರಿಕೆ ಆಗಲೂ ಉಳಿಯುತ್ತದೆ.